ಆಕಾಶದಿಂದ ಇಳಿದವರಿಗೆ ನೆಲ ದಕ್ಕಲಿಲ್ಲ

2018ರ ಆಗಸ್ಟ್‌ನಲ್ಲಿ ಕೇರಳ ನೆರೆಯಲ್ಲಿ ಮುಳುಗಿದ್ದಾಗ ನೌಕಾಪಡೆಯ ಹೆಲಿಕಾಪ್ಟರೊಂದು ಆಲುವಾ ಪರಿಸರದಲ್ಲಿ ನೀರಿನ ಮೇಲೆ ನಿಶ್ಚಲವಾಗಿ ನಿಂತು, ತುಂಬು ಗರ್ಭಿಣಿಯೋರ್ವರನ್ನು ಹಗ್ಗದ ಮೂಲಕ ಮೇಲಕ್ಕೆತ್ತಿಕೊಂಡಿತು. ಅಂದೇ ಅವರಿಗೆ ಹೆರಿಗೆಯಾಯಿತು. ಕೆಲವು ದಿನಗಳ ಬಳಿಕ ಅಲ್ಲಿನ ಮನೆಯೊಂದರ ತಾರಸಿಯ ಮೇಲೆ ಬಿಳಿಯ ಬಣ್ಣದಲ್ಲಿ ‘ಥ್ಯಾಂಕ್ಸ್’ ಎಂದು ದೊಡ್ಡದಾಗಿ ಬರೆದಿರುವ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲಾ ಪ್ರಕಟವಾಯಿತು. ಮರುವರ್ಷ ತುಂಗಭದ್ರೆ ಉಕ್ಕಿದಾಗ ಹಂಪಿಯ ಎದುರು ದಡದ ವಿರುಪಾಪುರ ಗಡ್ಡೆಯಲ್ಲಿ ಸಿಲುಕಿಕೊಂಡಿದ್ದ ಪ್ರವಾಸಿಗರನ್ನು ಕರೆತರಲು ಬಂದದ್ದೂ ವಾಯುಪಡೆಯ ಹೆಲಿಕಾಪ್ಟರೇ.

ಈ ಎರಡು ದೃಶ್ಯಗಳನ್ನು ನಾವು ನೆನಪಿಸುವುದಕ್ಕೆ ಕಾರಣವಿದೆ. ಹೆಲಿಕಾಪ್ಟರಿನ ಬದುಕಿನಲ್ಲಿ ಅತ್ಯಂತ ದುರ್ಬಲ ಕ್ಷಣವೆಂದರೆ ಅದು ಹೀಗೆ ಮನೆಯೊಂದರ ಮೇಲೆ ನಿಂತಿರುವ ಕ್ಷಣ. ಆಗ ಅದಕ್ಕೆ ವೇಗವಿಲ್ಲ, ಎತ್ತರವಿಲ್ಲ, ಅಡಗಲು ಮರೆಯಿಲ್ಲ. ಅದರ ಸದ್ದು ಅದಕ್ಕಿಂತ ಮೊದಲೇ ಊರನ್ನು ತಲುಪಿರುತ್ತದೆ. ಮೈ ತಗಡು ತೆಳು. ಒಳಗೆ ಇಂಧನ, ತಲೆಯ ಮೇಲೆ ತಿರುಗುವ ರೆಕ್ಕೆ, ಬಾಲದಲ್ಲಿ ಇನ್ನೊಂದು ಪುಟ್ಟ ರೆಕ್ಕೆ. ಇವುಗಳಲ್ಲಿ ಒಂದು ಕೆಟ್ಟರೂ ಅದು ನೆಲಕ್ಕುರುಳುವ ಅಪಾಯವಿದೆ. ಆಲುವಾದಲ್ಲಿ ಅದು ಸುರಕ್ಷಿತವಾಗಿ ನಿಂತಿತ್ತೆಂದರೆ ಅದಕ್ಕೆ ಕಾರಣ ಅದರ ಕವಚವಲ್ಲ. ಕೆಳಗಿದ್ದ ಜನರು ಅದು ಬರಲೆಂದು ಪ್ರಾರ್ಥಿಸುತ್ತಿದ್ದರು.

ಜನರು ಹಾಗೆ ಪ್ರಾರ್ಥಿಸದ ಕಡೆಗಳಲ್ಲಿ ಇದೇ ಯಂತ್ರಕ್ಕೆ ಏನಾಯಿತೆಂಬುದು ಕಳೆದ ಎಪ್ಪತ್ತು ವರ್ಷಗಳ ಯುದ್ಧಗಳ ಇತಿಹಾಸದಲ್ಲಿದೆ. ಬಂಡಾಯಗಳನ್ನು ಹತ್ತಿಕ್ಕಲು ಹೊರಟ ಪ್ರತಿಯೊಂದು ಬಲಿಷ್ಠ ಸರಕಾರವೂ ಒಂದಲ್ಲ ಒಂದು ಹಂತದಲ್ಲಿ ಹೆಲಿಕಾಪ್ಟರನ್ನು ನೆಚ್ಚಿಕೊಂಡಿದೆ. ರಸ್ತೆಯಲ್ಲಿ ಹೋದರೆ ನೆಲಬಾಂಬ್, ಕಾಡಿನಲ್ಲಿ ನಡೆದರೆ ಹೊಂಚುದಾಳಿ. ಆದ್ದರಿಂದ ಆಕಾಶದ ಮೂಲಕ ಹೋಗಿ ಶತ್ರುವಿನ ಮನೆಯಂಗಳದಲ್ಲೇ ಸೈನಿಕರನ್ನು ಇಳಿಸೋಣ ಎಂಬುದು ಲೆಕ್ಕಾಚಾರ. ನಕ್ಷೆಯ ಮೇಲೆ ಈ ಲೆಕ್ಕಾಚಾರದಲ್ಲಿ ತಪ್ಪೇನೂ ಕಾಣಿಸುವುದಿಲ್ಲ.

ಇದನ್ನು ಮೊತ್ತಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು ಅಲ್ಜೀರಿಯಾದಲ್ಲಿ ಫ್ರಾನ್ಸ್. 1954ರಲ್ಲಿ ಸ್ವಾತಂತ್ರ್ಯ ಹೋರಾಟ ಆರಂಭವಾದಾಗ ಬೆರಳೆಣಿಕೆಯ ಹೆಲಿಕಾಪ್ಟರುಗಳಿದ್ದ ಫ್ರೆಂಚ್ ಸೇನೆ, ಕೆಲವೇ ವರ್ಷಗಳಲ್ಲಿ ನೂರಾರು ಹೆಲಿಕಾಪ್ಟರುಗಳನ್ನು ಅಲ್ಲಿಗೆ ತಂದಿತು. ಸೈನಿಕರನ್ನು ಹೊರುವ ಹೆಲಿಕಾಪ್ಟರಿಗೆ ಫಿರಂಗಿ ಕಟ್ಟಿ ಅದನ್ನೇ ದಾಳಿಯ ಯಂತ್ರವಾಗಿಸಿದ್ದೂ ಅಲ್ಲಿಯೇ. 1959ರಲ್ಲಿ ಜನರಲ್ ಶಾಲ್ ಅವರ ಯೋಜನೆಯಡಿ ಬೆಟ್ಟದಿಂದ ಬೆಟ್ಟಕ್ಕೆ ಹಾರಿದ ಕಮಾಂಡೋಗಳು ಹೋರಾಟಗಾರರ ತಂಡಗಳನ್ನು ಹುಡುಕಿ ಹುಡುಕಿ ಚದುರಿಸಿದರು. ಸೈನಿಕ ದೃಷ್ಟಿಯಲ್ಲಿ ಅದು ಯಶಸ್ಸೇ ಆಗಿತ್ತೆಂದು ಒಪ್ಪಿಕೊಳ್ಳಬೇಕು. ಆದರೆ ಅದೇ ವೇಳೆಗೆ ಲಕ್ಷಾಂತರ ರೈತರನ್ನು ಅವರ ಹಳ್ಳಿಗಳಿಂದೆಬ್ಬಿಸಿ ಶಿಬಿರಗಳಿಗೆ ತಳ್ಳಲಾಗಿತ್ತು. ಬೆಟ್ಟಗಳು ಫ್ರಾನ್ಸಿನ ವಶಕ್ಕೆ ಬಂದವು, ಜನರು ಬರಲಿಲ್ಲ. 1962ರಲ್ಲಿ ಅಲ್ಜೀರಿಯ ಸ್ವತಂತ್ರವಾಯಿತು.

ಅಮೇರಿಕ ಈ ಅಧ್ಯಾಯದ ಮೊದಲರ್ಧವನ್ನು ಮಾತ್ರ ಓದಿಕೊಂಡಿತು. 1963ರ ಜನವರಿ 2ರಂದು ವಿಯೆಟ್ನಾಮಿನ ಅಪ್ ಬಾಕ್ ಎಂಬ ಹಳ್ಳಿಯ ಭತ್ತದ ಗದ್ದೆಗಳಲ್ಲಿ ದಕ್ಷಿಣ ವಿಯೆಟ್ನಾಂ ಸರಕಾರದ ಸೈನಿಕರನ್ನು ಅಮೇರಿಕದ ಹೆಲಿಕಾಪ್ಟರುಗಳು ಇಳಿಸಿದವು. ಮರಗಳ ಸಾಲಿನಲ್ಲಿ ಹೊಂಡ ತೋಡಿ ಕುಳಿತಿದ್ದವರು ಸುಮಾರು 350 ಮಂದಿ ಗೆರಿಲ್ಲಾಗಳು. ಎದುರಿಗಿದ್ದ ಸೇನೆ ಅವರ ನಾಲ್ಕು ಪಟ್ಟು. ಆದರೂ ಅಂದು ಐದು ಹೆಲಿಕಾಪ್ಟರುಗಳು ನಷ್ಟವಾದವು. ಮೂವರು ಅಮೇರಿಕನ್ನರೂ ಸುಮಾರು 80 ಮಂದಿ ಸರಕಾರಿ ಸೈನಿಕರೂ ಸತ್ತರು. ಒಂದೇ ದಿನದಲ್ಲಿ ಹೆಲಿಕಾಪ್ಟರಿನ ಭಯ ಆ ಹಳ್ಳಿಗಳಿಂದ ಇಳಿದುಹೋಯಿತು. ಎಚ್ಚರಗೊಳ್ಳಬೇಕಾಗಿದ್ದ ಅಮೇರಿಕ ಇನ್ನಷ್ಟು ಹೆಲಿಕಾಪ್ಟರುಗಳನ್ನು ಕಳಿಸಿತು. 1965ರ ನವೆಂಬರಿನಲ್ಲಿ ಇಯಾ ಡ್ರಾಂಗ್ ಕಣಿವೆಯಲ್ಲಿ ಒಂದು ಇಡೀ ಬೆಟಾಲಿಯನ್ನನ್ನು ಆಕಾಶದಿಂದ ಇಳಿಸಲಾಯಿತು. ನಾಲ್ಕು ದಿನಗಳ ಕಾಳಗದಲ್ಲಿ ಇನ್ನೂರಕ್ಕೂ ಹೆಚ್ಚು ಅಮೇರಿಕನ್ನರು ಸತ್ತರು. ಅವರಲ್ಲಿ 155 ಮಂದಿ ನವೆಂಬರ್ 17ರಂದು ಒಂದೇ ಹೊಂಚುದಾಳಿಯಲ್ಲಿ. ವಿಯೆಟ್ನಾಮಿಗರ ಸಾವು ಅದಕ್ಕಿಂತ ಎಷ್ಟೋ ಹೆಚ್ಚಿದ್ದುದರಿಂದ ಅದನ್ನು ವಿಜಯವೆಂದು ಬರೆದುಕೊಳ್ಳಲಾಯಿತು. ಹೆಣಗಳನ್ನು ಎಣಿಸಿ ಗೆಲುವನ್ನು ಅಳೆಯುವ ಗಣಿತಕ್ಕೆ ಹತ್ತು ವರ್ಷಗಳ ಬಳಿಕ ಸಿಕ್ಕ ಉತ್ತರವೇನೆಂದು ಎಲ್ಲರಿಗೂ ತಿಳಿದಿದೆ. ಆ ಯುದ್ಧದಲ್ಲಿ ಹಾರಿದ ಸುಮಾರು 12 ಸಾವಿರ ಅಮೇರಿಕನ್ ಹೆಲಿಕಾಪ್ಟರುಗಳಲ್ಲಿ ಐದು ಸಾವಿರದಷ್ಟು ನಾಶವಾದವು.

1975ರ ಏಪ್ರಿಲ್ ಕೊನೆಯಲ್ಲಿ ಸೈಗಾನಿನ ಕಟ್ಟಡವೊಂದರ ನೆತ್ತಿಯ ಮೇಲೆ ಹೆಲಿಕಾಪ್ಟರ್ ಹತ್ತಲು ಜನರು ಏಣಿಯಲ್ಲಿ ಸಾಲುಗಟ್ಟಿ ನಿಂತ ಚಿತ್ರವನ್ನು ಓದುಗರು ನೋಡಿರಬಹುದು. (ಅದು ಅಮೇರಿಕದ ರಾಯಭಾರ ಕಚೇರಿಯೆಂದು ಈಗಲೂ ಅನೇಕರು ಬರೆಯುತ್ತಾರೆ. ನಿಜವಾಗಿ ಅದೊಂದು ವಸತಿ ಕಟ್ಟಡ.) 2021ರ ಆಗಸ್ಟ್ 15ರಂದು ಕಾಬೂಲಿನ ಅಮೇರಿಕನ್ ರಾಯಭಾರ ಕಚೇರಿಯ ಮೇಲೆ ಚಿನೂಕ್ ಹೆಲಿಕಾಪ್ಟರ್ ಹಾರಾಡಿದಾಗ ಜಗತ್ತು ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿತು.

ನಡುವೆ ಸೋವಿಯತ್ ಒಕ್ಕೂಟದ ಸರದಿಯೂ ಇತ್ತು. 1979ರ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನವನ್ನು ಪ್ರವೇಶಿಸಿದ ಅದರ ಸೇನೆಗೆ ಕವಚ ತೊಟ್ಟ ಮಿ-24 ಹೆಲಿಕಾಪ್ಟರುಗಳೇ ಬಲಗೈ. ಕಣಿವೆಯ ಮೇಲ್ಭಾಗದಲ್ಲಿ ಸೈನಿಕರನ್ನು ಇಳಿಸಿ, ಕೆಳಗಿನ ಹಳ್ಳಿಯನ್ನು ಸುತ್ತುವರಿಯುವುದು ಅವರ ವಿಧಾನ. 1986ರ ಸೆಪ್ಟೆಂಬರಿನಲ್ಲಿ ಜಲಾಲಾಬಾದಿನ ಬಳಿ ಅಮೇರಿಕ ಪೂರೈಸಿದ ಸ್ಟಿಂಗರ್ ಕ್ಷಿಪಣಿಗಳು ಹೆಲಿಕಾಪ್ಟರುಗಳನ್ನು ಕೆಡವಿದಂದಿನಿಂದ ಯುದ್ಧದ ಗತಿಯೇ ಬದಲಾಯಿತು ಎಂಬ ಕತೆಯನ್ನು ವಾಷಿಂಗ್ಟನ್ ಬಹಳ ಇಷ್ಟಪಟ್ಟು ಹೇಳುತ್ತದೆ. ಇದು ಅರ್ಧಸತ್ಯ. ಹಿಂತಿರುಗುವ ವಿಚಾರವನ್ನು ಗೋರ್ಬಚೇವ್ ಅದಕ್ಕೆ ಮೊದಲೇ ಆಡತೊಡಗಿದ್ದರು. ಸ್ಟಿಂಗರ್ ಬರುವ ಮೊದಲೂ ಬೆಟ್ಟದ ತುದಿಯ ಹಳೆಯ ಮೆಶಿನ್‌ಗನ್‌ಗಳು ಅನೇಕ ಹೆಲಿಕಾಪ್ಟರುಗಳನ್ನು ಉರುಳಿಸಿದ್ದವು. ಒಟ್ಟು ಮುನ್ನೂರಕ್ಕೂ ಹೆಚ್ಚು ಹೆಲಿಕಾಪ್ಟರುಗಳನ್ನು ಕಳಕೊಂಡು 1989ರ ಫೆಬ್ರವರಿಯಲ್ಲಿ ಸೋವಿಯತ್ ಸೇನೆ ಮರಳಿತು. ಆಮೇಲೆ ಅಮೇರಿಕವೇ ತಾನು ಹಂಚಿದ ಕ್ಷಿಪಣಿಗಳನ್ನು ಹಣ ಕೊಟ್ಟು ಮರಳಿ ಖರೀದಿಸಲು ಅಲೆಯಬೇಕಾಯಿತು.

ಈ ಎಲ್ಲ ಪ್ರಕರಣಗಳಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮೊಗದಿಶುವಿನಲ್ಲಿ. 1993ರ ಅಕ್ಟೋಬರ್ 3ರ ಕಾಳಗವನ್ನು ಹಾಲಿವುಡ್ ಚಿತ್ರದ ಮೂಲಕ ಬಲ್ಲವರು ಬಹಳ. ಅದಕ್ಕೆ ಮೊದಲಿನ ನಾಲ್ಕು ತಿಂಗಳುಗಳನ್ನು ಬಲ್ಲವರು ಕಡಿಮೆ. ಹಸಿದ ಸೋಮಾಲಿಯಾಕ್ಕೆ ಅನ್ನ ತಲುಪಿಸಲು ಬಂದಿದ್ದ ವಿಶ್ವಸಂಸ್ಥೆಯ ಪಡೆಯಲ್ಲಿದ್ದ 24 ಮಂದಿ ಪಾಕಿಸ್ತಾನಿ ಸೈನಿಕರನ್ನು ಜೂನ್ 5ರಂದು ಕೊಲ್ಲಲಾಯಿತು. ಅದು ಖಂಡನೀಯ ಕೃತ್ಯ. ಅದಕ್ಕೆ ಕಾರಣರಾದವರನ್ನು ಹಿಡಿಯುವುದು ನ್ಯಾಯವೂ ಹೌದು. ಆದರೆ ಹಿಡಿಯುವ ಕೆಲಸವನ್ನು ಹೆಲಿಕಾಪ್ಟರುಗಳಿಗೆ ವಹಿಸಲಾಯಿತು. ಜುಲೈ 12ರಂದು ನಗರದ ಮನೆಯೊಂದರಲ್ಲಿ ಒಂದು ಕುಲದ ಹಿರಿಯರು ಸಭೆ ಸೇರಿದ್ದಾಗ ಅಮೇರಿಕದ ಕೋಬ್ರಾ ಹೆಲಿಕಾಪ್ಟರುಗಳು ಟ್ಯಾಂಕುಗಳನ್ನು ಒಡೆಯಲೆಂದು ತಯಾರಿಸಿದ ಕ್ಷಿಪಣಿಗಳನ್ನು ಆ ಮನೆಯೊಳಕ್ಕೆ ಹಾರಿಸಿದವು. ರೆಡ್‌ಕ್ರಾಸ್ ಎಣಿಸಿದ ಸಾವು 54. ಸಂಧಾನದ ಮಾತನ್ನಾಡುತ್ತಿದ್ದವರೂ ಆ ಸಭೆಯಲ್ಲಿದ್ದರು. ಅದೇ ದಿನ ಆ ಸ್ಥಳಕ್ಕೆ ವರದಿಗಾಗಿ ಹೋದ ನಾಲ್ವರು ಪತ್ರಕರ್ತರನ್ನು ಉದ್ರಿಕ್ತ ಗುಂಪು ಹೊಡೆದು ಕೊಂದಿತು. ಅವರ ಕೈಯಲ್ಲಿದ್ದುದು ಕ್ಯಾಮೆರಾ ಮಾತ್ರ. ಆಕಾಶದಿಂದಾದ ಅನ್ಯಾಯವು ನೆಲದ ಮೇಲಿನ ಅನ್ಯಾಯಕ್ಕೆ ಪರವಾನಿಗೆಯಾಗದು.

ಅಲ್ಲಿಂದ ಮುಂದೆ ಆ ಊರಿನಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿದರೆ ಜನರು ಮನೆಯೊಳಗೆ ಓಡುವ ಬದಲು ಹೊರಗೆ ಬರತೊಡಗಿದರು. ಸೆಪ್ಟೆಂಬರ್ 25ರಂದು ಒಂದು ಬ್ಲ್ಯಾಕ್ ಹಾಕ್ ಉರುಳಿತು, ಮೂವರು ಸತ್ತರು. ಅದೊಂದು ಆಕಸ್ಮಿಕವೆಂದು ಭಾವಿಸಲಾಯಿತು. ಅಕ್ಟೋಬರ್ 3ರಂದು ಒಂದು ಗಂಟೆಯಲ್ಲಿ ಮುಗಿಯಬೇಕೆಂದು ಹೊರಟ ಕಾರ್ಯಾಚರಣೆಯಲ್ಲಿ ಎರಡು ಬ್ಲ್ಯಾಕ್ ಹಾಕ್‌ಗಳು ಓಣಿಗಳ ನಡುವೆ ಬಿದ್ದವು. ಕೆಡವಿದ್ದು ಭುಜದ ಮೇಲಿಟ್ಟು ಹಾರಿಸುವ ಅಗ್ಗದ ಗ್ರೆನೇಡ್. ಬಿದ್ದ ಹೆಲಿಕಾಪ್ಟರನ್ನು ರಕ್ಷಿಸಲು ಹೋದವರು ಸುತ್ತುವರಿಯಲ್ಪಟ್ಟರು. ಅವರನ್ನು ರಕ್ಷಿಸಲು ಇನ್ನಷ್ಟು ಮಂದಿ ಹೋದರು. ಕೊನೆಗೆ ಮರುದಿನ ಬೆಳಗ್ಗೆ ಅವರನ್ನು ಹೊರತಂದದ್ದು ಮಲೇಶ್ಯ ಮತ್ತು ಪಾಕಿಸ್ತಾನದ ಸೈನಿಕರು ಚಲಾಯಿಸಿದ, ನೆಲದ ಮೇಲೆ ಉರುಳುವ ಕವಚ ವಾಹನಗಳು. 18 ಮಂದಿ ಅಮೇರಿಕನ್ನರು ಸತ್ತರು. ಅವರ ಹೆಸರುಗಳೆಲ್ಲಾ ದಾಖಲಾಗಿವೆ. ಸತ್ತ ಸೋಮಾಲಿಗಳು ನೂರಾರು. ಅವರ ನಿಖರ ಸಂಖ್ಯೆಯೇ ಇಂದಿಗೂ ಇಲ್ಲ, ಇನ್ನು ಹೆಸರುಗಳ ಮಾತೆಲ್ಲಿಂದ? ಸತ್ತ ಸೈನಿಕರ ಶವಗಳನ್ನು ಬೀದಿಯಲ್ಲಿ ಎಳೆದಾಡಿದ ಆ ಗುಂಪನ್ನೂ ನಾವು ಸಮರ್ಥಿಸಲಾರೆವು. ಶವಕ್ಕೆ ಗೌರವ ನೀಡುವುದು ಬದುಕಿರುವವರ ಹೊಣೆ, ಅದು ಶತ್ರುವಿನದ್ದೇ ಆಗಿರಲಿ.

ಇದೆಲ್ಲಾ ಹೊರಗಿನವರ ಕತೆಯೆಂದು ಭಾವಿಸುವವರು ಜಾಫ್ನಾವನ್ನು ನೆನಪಿಸಿಕೊಳ್ಳಬೇಕು. ಶಾಂತಿಪಾಲನೆಯ ಹೆಸರಿನಲ್ಲಿ ಶ್ರೀಲಂಕಾಕ್ಕೆ ಹೋದ ಭಾರತೀಯ ಸೇನೆ 1987ರ ಅಕ್ಟೋಬರ್ 11ರ ನಡುರಾತ್ರಿ ಜಾಫ್ನಾ ವಿಶ್ವವಿದ್ಯಾನಿಲಯದ ಮೈದಾನದಲ್ಲಿ ಮಿ-8 ಹೆಲಿಕಾಪ್ಟರುಗಳಿಂದ ಸೈನಿಕರನ್ನು ಇಳಿಸಿತು. ಎಲ್‌ಟಿಟಿಇ ನಾಯಕತ್ವವನ್ನು ನಿದ್ದೆಯಲ್ಲೇ ಹಿಡಿಯುವುದು ಉದ್ದೇಶ. ಆದರೆ ನಮ್ಮವರ ರೇಡಿಯೋ ಮಾತುಗಳನ್ನು ಕದ್ದಾಲಿಸಿದ್ದ ಹುಲಿಗಳು ಮೈದಾನದ ಸುತ್ತ ಕಾದು ಕುಳಿತಿದ್ದರು. ಕಮಾಂಡೋಗಳ ಬೆನ್ನಿಗೆ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಸೈನಿಕರಷ್ಟೇ ಇಳಿಯಲು ಸಾಧ್ಯವಾಯಿತು. ಗುಂಡುಗಳಿಂದ ಜರ್ಝರಿತವಾದ ಹೆಲಿಕಾಪ್ಟರುಗಳು ಮತ್ತೆ ಬರುವ ಸ್ಥಿತಿಯಲ್ಲಿರಲಿಲ್ಲ. ಉಳಿದವರು ಬರುತ್ತಾರೆಂದು ಆ ಮೂವತ್ತು ಮಂದಿ ಕತ್ತಲಲ್ಲಿ ಕಾದರು, ಬೆಳಗಾಯಿತು, ಗುಂಡುಗಳು ಮುಗಿದವು. 29 ಮಂದಿ ಸತ್ತರು, ಓರ್ವ ಸೆರೆಸಿಕ್ಕ. ಪಂಜಾಬಿನ ಹಳ್ಳಿಗಳಿಂದ ಹೋದ ಆ ಯುವಕರಿಗೆ ತಾವು ಯಾರ ಅಂಗಳದಲ್ಲಿ ಇಳಿಯುತ್ತಿದ್ದೇವೆ, ಅಲ್ಲಿನವರು ಯಾವ ಭಾಷೆಯಾಡುತ್ತಾರೆ, ಎರಡು ತಿಂಗಳ ಹಿಂದೆ ಹೂಮಾಲೆ ಹಾಕಿದವರು ಈಗ ಬಾಗಿಲು ಮುಚ್ಚಿದ್ದೇಕೆ ಎಂಬುದನ್ನು ಯಾರಾದರೂ ಹೇಳಿದ್ದರೇ? 1990ರ ಮಾರ್ಚಿನಲ್ಲಿ ಮರಳುವಾಗ ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಆ ಯುದ್ಧ ನುಂಗಿತ್ತು. ಅಲ್ಲಿನ ತಮಿಳು ಕುಟುಂಬಗಳು ಕಳಕೊಂಡದ್ದು ಬೇರೆ.

ಆದ್ದರಿಂದ ಹೆಲಿಕಾಪ್ಟರ್ ಬಿದ್ದ ಸುದ್ದಿ ಬಂದಾಗ ನಮ್ಮಲ್ಲಿ ಕೆಲವರು ತೋರುವ ಉತ್ಸಾಹದ ಬಗ್ಗೆ ಒಂದು ಮಾತು ಹೇಳಲೇಬೇಕು. 2003ರ ನವೆಂಬರ್ 2ರಂದು ಇರಾಕಿನ ಫಲ್ಲೂಜಾದ ಬಳಿ ಚಿನೂಕ್ ಹೆಲಿಕಾಪ್ಟರೊಂದನ್ನು ಕ್ಷಿಪಣಿಯಿಂದ ಕೆಡವಲಾಯಿತು. ಹದಿನಾರು ಮಂದಿ ಸತ್ತರು. ಸುಳ್ಳು ನೆಪ ಹೇಳಿ ಆರಂಭಿಸಿದ ಯುದ್ಧವದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅದರೊಳಗಿದ್ದ ಹೆಚ್ಚಿನವರು ರಜೆಯಲ್ಲಿ ಮನೆಗೆ ಹೊರಟಿದ್ದ ಸಾಮಾನ್ಯ ಸೈನಿಕರು. ಯುದ್ಧವನ್ನು ನಿರ್ಧರಿಸಿದವರಲ್ಲಿ ಒಬ್ಬನೂ ಅದರಲ್ಲಿರಲಿಲ್ಲ. ಚಹಾದಂಗಡಿಯಲ್ಲಿ ಕುಳಿತು ಬಿದ್ದ ಹೆಲಿಕಾಪ್ಟರುಗಳ ಲೆಕ್ಕವಿಡುವವರು, ವಿಯೆಟ್ನಾಮಿನಲ್ಲಿ ಹೆಣಗಳ ಲೆಕ್ಕವಿಟ್ಟ ಜನರಲ್‌ಗಳಿಗಿಂತ ಎಷ್ಟು ಭಿನ್ನ? ಫಲ್ಲೂಜಾಕ್ಕೆ ಮುಂದಿನ ವರ್ಷ ಬಂದೊದಗಿದ ವಿನಾಶವನ್ನು ಅನುಭವಿಸಿದ್ದು ಕ್ಷಿಪಣಿ ಹಾರಿಸಿದವರ ನೆರೆಮನೆಯವರು.

ಮೇಲಿನಿಂದ ನೋಡುವ ಕಣ್ಣಿಗೆ ನೆರೆಮನೆ ಕಾಣಿಸುವುದಿಲ್ಲ ಎಂಬುದೇ ಇಲ್ಲಿನ ದುರಂತ. ಹೆಲಿಕಾಪ್ಟರ್ ತಾನು ದುರ್ಬಲವೆಂದು ಬಲ್ಲುದು. ಆದ್ದರಿಂದ ಅದು ಹತ್ತಿರ ಬಂದು ನೋಡುವುದಿಲ್ಲ. ದೂರದಿಂದಲೇ, ಸಂದೇಹ ಬಂದೊಡನೆಯೇ ಗುಂಡು ಹಾರಿಸುತ್ತದೆ. 2007ರ ಜುಲೈ 12ರಂದು ಬಗ್ದಾದಿನಲ್ಲಿ ಎರಡು ಅಪಾಚೆ ಹೆಲಿಕಾಪ್ಟರುಗಳು ಹತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದವು. ಅವರಲ್ಲಿ ರಾಯ್ಟರ್ಸ್ ಸಂಸ್ಥೆಯ ಛಾಯಾಗ್ರಾಹಕ ನಮೀರ್ ನೂರುದ್ದೀನ್ ಮತ್ತು ಚಾಲಕ ಸಈದ್ ಶಮಾಗ್ ಸೇರಿದ್ದರು. ಹೆಗಲಲ್ಲಿದ್ದ ಕ್ಯಾಮೆರಾ ಮೇಲಿನವರಿಗೆ ಆಯುಧವಾಗಿ ಕಂಡಿತ್ತು. ಗಾಯಾಳುವನ್ನು ಎತ್ತಿಕೊಳ್ಳಲು ನಿಂತ ವ್ಯಾನಿನ ಮೇಲೂ ಗುಂಡು ಹಾರಿತು. ಅದರೊಳಗಿದ್ದ ಇಬ್ಬರು ಮಕ್ಕಳು ಗಾಯಗೊಂಡರು. 2010ರ ಏಪ್ರಿಲ್‌ನಲ್ಲಿ ವಿಕಿಲೀಕ್ಸ್ ಆ ಚಿತ್ರಣವನ್ನು ಬಹಿರಂಗಪಡಿಸುವವರೆಗೆ ಜಗತ್ತು ಅದನ್ನು ನೋಡಿರಲಿಲ್ಲ. ಅದನ್ನು ಸೋರಿಕೆ ಮಾಡಿದವರಿಗೆ ಸೆರೆಮನೆ. ಗುಂಡು ಹಾರಿಸಿದವರಿಗೆ ಶಿಕ್ಷೆಯಿಲ್ಲ.

2011ರ ಮಾರ್ಚ್ 1ರಂದು ಅಫ್ಘಾನಿಸ್ತಾನದ ಕುನಾರ್ ಪ್ರಾಂತ್ಯದಲ್ಲಿ ಬೆಟ್ಟದ ಮೇಲೆ ಸೌದೆ ಆರಿಸುತ್ತಿದ್ದ ಒಂಬತ್ತು ಹುಡುಗರನ್ನು ಹೆಲಿಕಾಪ್ಟರುಗಳು ಕೊಂದವು. ಸೇನಾ ನೆಲೆಯೊಂದರ ಮೇಲೆ ರಾಕೆಟ್ ಹಾರಿಸಿದವರನ್ನು ಅವು ಹುಡುಕುತ್ತಿದ್ದವು. ಚಳಿಗಾಲದಲ್ಲಿ ಒಲೆ ಉರಿಸಲು ಮಕ್ಕಳು ಸೌದೆಗೆ ಹೋಗುತ್ತಾರೆಂಬುದು ಆ ಕಣಿವೆಯ ಯಾವ ಮುದುಕಿಯನ್ನು ಕೇಳಿದರೂ ಹೇಳುತ್ತಿದ್ದಳು. ಜನರಲ್ ಪೆಟ್ರೇಯಸ್ ಕ್ಷಮೆ ಕೇಳಿದರು. ಅದೇ ವರ್ಷದ ಆಗಸ್ಟ್ 6ರಂದು ವರ್ದಕ್ ಪ್ರಾಂತ್ಯದ ತಂಗಿ ಕಣಿವೆಯಲ್ಲಿ ರಾತ್ರಿ ದಾಳಿಗೆಂದು ಇಳಿಯುತ್ತಿದ್ದ ಚಿನೂಕ್ ಒಂದನ್ನು ಗ್ರೆನೇಡಿನಿಂದ ಕೆಡವಲಾಯಿತು. 30 ಮಂದಿ ಅಮೇರಿಕನ್ನರೂ 8 ಮಂದಿ ಅಫ್ಘಾನಿಗಳೂ ಸತ್ತರು. ಅಮೇರಿಕಕ್ಕೆ ಆ ಯುದ್ಧದಲ್ಲಿ ಒಂದೇ ಘಟನೆಯಲ್ಲಾದ ಅತಿದೊಡ್ಡ ಪ್ರಾಣಹಾನಿಯದು. ಸೌದೆ ಆರಿಸಿದ ಮಕ್ಕಳ ಕಣಿವೆ ಬೇರೆ, ಈ ಕಣಿವೆ ಬೇರೆ. ಆದರೆ ಹತ್ತು ವರ್ಷಗಳಿಂದ ನಡುರಾತ್ರಿಯಲ್ಲಿ ಬಾಗಿಲೊಡೆಯುವ ಸದ್ದಿಗೆ ಎದ್ದು ಕುಳಿತ ಹಳ್ಳಿಗಳು ಎರಡೂ ಕಡೆ ಇದ್ದವು.

ನಮ್ಮ ದೇಶದೊಳಗೂ ಒಂದು ಹಳೆಯ ಗಾಯವಿದೆ. 1966ರ ಫೆಬ್ರವರಿ ಕೊನೆಯಲ್ಲಿ ಮಿಝೋ ಬಂಡುಕೋರರು ಐಝಾಲ್ ನಗರವನ್ನು ಸುತ್ತುವರಿದಾಗ ಅಲ್ಲಿಗೆ ಹೆಲಿಕಾಪ್ಟರುಗಳಲ್ಲಿ ಸೈನಿಕರನ್ನು ಇಳಿಸುವ ಯತ್ನ ನಡೆಯಿತು. ಕೆಳಗಿನಿಂದ ಬಂದ ಗುಂಡುಗಳಿಂದಾಗಿ ಇಳಿಯಲಾಗಲಿಲ್ಲ. ಅನಂತರ ಮಾರ್ಚ್ 5ರಂದು ವಾಯುಪಡೆಯ ಯುದ್ಧವಿಮಾನಗಳು ಐಝಾಲ್ ಮೇಲೆ ದಾಳಿ ಮಾಡಿದವು. ಮನೆಗಳು, ಅಂಗಡಿಗಳು ಉರಿದವು. ಹೆಲಿಕಾಪ್ಟರ್ ಇಳಿಯಲಾಗದ ಕಡೆ ಬಾಂಬು ಇಳಿಯಿತು. ಮುಂದೆ ಹಳ್ಳಿಗಳನ್ನೇ ಕಿತ್ತು ರಸ್ತೆ ಬದಿಯಲ್ಲಿ ಕಾವಲಿನೊಳಗೆ ಕೂಡಿಹಾಕಲಾಯಿತು. ಇಪ್ಪತ್ತು ವರ್ಷ ಕಳೆದರೂ ಬಂಡಾಯ ಮುಗಿಯಲಿಲ್ಲ. ಅದು ಮುಗಿದದ್ದು 1986ರ ಜೂನ್ 30ರಂದು, ಮೇಜಿನ ಎರಡು ಬದಿಗಳಲ್ಲಿ ಕುಳಿತು ಸಹಿ ಹಾಕಿದಾಗ. ದೇಶದ್ರೋಹಿಯೆಂದು ಬೇಟೆಯಾಡಲ್ಪಟ್ಟ ಲಾಲ್‌ಡೆಂಗಾ ಮುಖ್ಯಮಂತ್ರಿಯಾದರು. ಆ ನಂತರ ಮಿಝೋರಾಂ ಈಶಾನ್ಯದ ಅತ್ಯಂತ ಶಾಂತ ರಾಜ್ಯಗಳಲ್ಲಿ ಒಂದಾಗಿ ಉಳಿಯಿತು.

ಬಸ್ತರಿನಲ್ಲಿ ನಮ್ಮ ವಾಯುಪಡೆ ಬಹುಕಾಲ ಹೆಚ್ಚು ಸಂಯಮದಿಂದ ನಡೆದುಕೊಂಡಿತೆಂಬುದನ್ನು ಮೆಚ್ಚಬೇಕು. 2008ರ ನವೆಂಬರಿನಲ್ಲಿ ಛತ್ತೀಸ್‌ಗಢದ ಚುನಾವಣಾ ಸಿಬ್ಬಂದಿಯನ್ನು ಕರೆತರಲು ಹೋದ ಹೆಲಿಕಾಪ್ಟರಿನ ಮೇಲೆ ಮಾವೋವಾದಿಗಳು ಗುಂಡು ಹಾರಿಸಿ ಫ್ಲೈಟ್ ಇಂಜಿನಿಯರೋರ್ವರನ್ನು ಕೊಂದರು. ಮತಪೆಟ್ಟಿಗೆ ಹೊತ್ತ ಹೆಲಿಕಾಪ್ಟರಿನ ಮೇಲೆ ಗುಂಡು ಹಾರಿಸುವುದು ಯಾವ ಕ್ರಾಂತಿ? ಆ ಬಳಿಕವೂ ವಾಯುಪಡೆ ಕೇಳಿದ್ದು ಆತ್ಮರಕ್ಷಣೆಗಾಗಿ ಮಾತ್ರ ಗುಂಡು ಹಾರಿಸುವ ಅನುಮತಿಯನ್ನು. 2010ರಲ್ಲಿ ದಂತೇವಾಡದಲ್ಲಿ 76 ಮಂದಿ ಪೊಲೀಸರ ಹತ್ಯೆಯಾಗಿ ದೇಶವೇ ಕುದಿಯುತ್ತಿದ್ದಾಗಲೂ ಅಂದಿನ ವಾಯುಪಡೆ ಮುಖ್ಯಸ್ಥ ಪಿ.ವಿ. ನಾಯಕ್ ಅವರು ನಕ್ಸಲ್ ಸಮಸ್ಯೆಗೆ ವಾಯುಪಡೆಯನ್ನು ಬಳಸುವುದಕ್ಕೆ ತಾನು ಒಲವುಳ್ಳವನಲ್ಲವೆಂದು ಬಹಿರಂಗವಾಗಿ ಹೇಳಿದರು. ಇತ್ತೀಚಿನ ವರ್ಷಗಳಲ್ಲಿ ಆಕಾಶದಿಂದ ಬಾಂಬು ಬಿದ್ದಿದೆಯೆಂದು ಬಸ್ತರಿನ ಗ್ರಾಮಸ್ಥರು ದೂರಿದ್ದಾರೆ, ಪೊಲೀಸರು ನಿರಾಕರಿಸಿದ್ದಾರೆ. ಸತ್ಯವೇನೆಂದು ಹೇಳಬಲ್ಲ ಸ್ವತಂತ್ರ ತನಿಖೆಗೆ ಸರಕಾರ ಹಿಂಜರಿಯಬೇಕಾದ ಅಗತ್ಯವೇನಿದೆ?

ಸಂಯಮದ ಗೆರೆ ಒಮ್ಮೆ ಅಳಿಸಿಹೋದರೆ ಎಲ್ಲಿಗೆ ತಲುಪುತ್ತೇವೆಂಬುದಕ್ಕೆ ಅದೇ ಮಿಝೋರಾಂನ ಗಡಿಯಾಚೆಗಿನ ಮ್ಯಾನ್ಮಾರ್ ಸಾಕ್ಷಿ. 2021ರ ಫೆಬ್ರವರಿಯ ಕ್ಷಿಪ್ರಕ್ರಾಂತಿಯ ಬಳಿಕ ರಸ್ತೆಗಳ ಮೇಲಿನ ಹಿಡಿತವನ್ನು ಕಳಕೊಂಡ ಅಲ್ಲಿನ ಸೇನೆ, ಹಳ್ಳಿಗಳಿಗೆ ಹೆಲಿಕಾಪ್ಟರುಗಳಲ್ಲಿ ಬಂದಿಳಿಯತೊಡಗಿತು. 2022ರ ಸೆಪ್ಟೆಂಬರ್ 16ರಂದು ಸಾಗಯಿಂಗ್ ಪ್ರಾಂತ್ಯದ ಲೆಟ್ ಯೆಟ್ ಕೋನ್ ಎಂಬ ಹಳ್ಳಿಯ ಶಾಲೆಯ ಮೇಲೆ ಹೆಲಿಕಾಪ್ಟರುಗಳು ಗುಂಡಿನ ಮಳೆಗರೆದವು, ಆಮೇಲೆ ಸೈನಿಕರು ಇಳಿದರು. ಕನಿಷ್ಠ 11 ಮಕ್ಕಳು ಸತ್ತರೆಂದು ಯುನಿಸೆಫ್ ಹೇಳಿತು. ಬಂಡುಕೋರರು ಅಲ್ಲಿ ಅಡಗಿದ್ದರೆಂಬುದು ಸೇನೆಯ ಸಮರ್ಥನೆ. ಅದು ನಿಜವೇ ಆಗಿದ್ದರೂ ಶಾಲೆಯ ಗಂಟೆ ಹೊಡೆದ ಮೇಲೆ ಅಲ್ಲಿ ಮಕ್ಕಳೂ ಇರುತ್ತಾರೆ ಎಂಬುದನ್ನು ತಿಳಿಯಲು ಯಾವ ಗುಪ್ತಚರ ವಿಭಾಗ ಬೇಕು?

2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಸಿಯಾಚಿನ್‌ನಲ್ಲಿ ಗಾಯಾಳುಗಳನ್ನು ಇಳಿಸುವುದಕ್ಕೂ ನೆರೆಯಲ್ಲಿ ಜನರನ್ನು ಎತ್ತುವುದಕ್ಕೂ ಇಂತಹ ಹೆಲಿಕಾಪ್ಟರುಗಳು ಬೇಕು; ಗಡಿಯ ರಕ್ಷಣೆಗೂ ಬೇಕು. ನಮ್ಮ ಪಟ್ಟಣಗಳ ಮಕ್ಕಳು ಐಟಿಐ, ಡಿಪ್ಲೊಮಾ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರುವಂತಾಗಲಿ ಎಂದು ಹಾರೈಸುತ್ತೇವೆ. ಆದರೆ ಆ ಯಂತ್ರಗಳನ್ನು ಎಲ್ಲಿ, ಯಾರ ಮೇಲೆ, ಯಾರ ಆದೇಶದಂತೆ ಹಾರಿಸಲಾಗುತ್ತದೆಂದು ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿಯೊಬ್ಬರದು. ಐಝಾಲ್ ಪ್ರಕರಣ ಸಂಸತ್ತಿನಲ್ಲಿ ಮತ್ತೊಮ್ಮೆ ದೊಡ್ಡದಾಗಿ ಕೇಳಿಬಂದದ್ದು 2023ರ ಆಗಸ್ಟ್ 10ರಂದು, 57 ವರ್ಷಗಳ ಬಳಿಕ. ಪ್ರಧಾನಿಯವರು ಅದನ್ನು ಎತ್ತಿದ್ದು ಅವಿಶ್ವಾಸ ನಿರ್ಣಯಕ್ಕೆ ಉತ್ತರಿಸುತ್ತಾ, ಕಾಂಗ್ರೆಸನ್ನು ಚುಚ್ಚಲು. ಆ ಹೊತ್ತಿಗೆ ಮಣಿಪುರ ಉರಿಯತೊಡಗಿ ಮೂರು ತಿಂಗಳು ಕಳೆದಿತ್ತು.